ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಸಿಟಿ ಟೆಕ್ನಾಲಜಿಸ್ಟ್ ಕೆಲಸ ಹೇಗಿರುತ್ತದೆ?

ನೀವು ಅಮೆರಿಕದಲ್ಲಿ ಎರಡು ವರ್ಷದಿಂದ ಎಕ್ಸ್-ರೇ ಟೆಕ್ ಆಗಿದ್ದೀರಿ, ಸಿಟಿ ಸ್ಕ್ಯಾನ್ ಕಲಿತು ವಿಎ (ಅಮೆರಿಕ ಸರ್ಕಾರದ ಮಾಜಿ ಸೈನಿಕರ ಇಲಾಖೆ) ಆಸ್ಪತ್ರೆ ಸೇರುವ ಯೋಚನೆ ಇದೆ ಎಂದು ಬರೆದಿದ್ದೀರಿ. ಅಲ್ಲಿಗೆ ಬರುವವರೆಲ್ಲ ವಯಸ್ಸಾದವರಂತೆ, ಕೆಲಸ ಆರಾಮವಂತೆ, ನಿಜವೇ ಎಂಬುದು ನಿಮ್ಮ ಪ್ರಶ್ನೆ. ವಯಸ್ಸಾದವರು ಜಾಸ್ತಿ, ಅದು ನಿಜ. ಆರಾಮ ಅಂದವರು ಯಾರೋ, ಅವರು ಬಹುಶಃ ನಮ್ಮ ಡಿಪಾರ್ಟ್‌ಮೆಂಟಿಗೆ ಬಂದಿಲ್ಲ.

ನಾನು ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಎಮರ್ಜೆನ್ಸಿ ಪಕ್ಕದ ಸಿಟಿ ರೂಮು. ಆಮೇಲೆ ಇಲ್ಲಿಗೆ ಬಂದೆ. ಮಷೀನು ಅದೇ, ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತನಾಳ ಬೆಳ್ಳಗೆ ಕಾಣಲೆಂದು ಚುಚ್ಚುವ ದ್ರವ) ಅದೇ, ಪ್ರೋಟೋಕಾಲ್‌ಗಳೂ ಹೆಚ್ಚುಕಡಿಮೆ ಅವೇ. ಟೇಬಲ್ ಮೇಲೆ ಮಲಗುವವರು ಮಾತ್ರ ಬೇರೆ. ಇವರು ನೋವಾದರೂ ಹೇಳುವುದಿಲ್ಲ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಕಲಿತ ಹಾಗೆ. ನನಗೆ ಇದು ಖಾಸಗಿ ಆಸ್ಪತ್ರೆಯಲ್ಲಿದ್ದಾಗಲೇ, ನನ್ನದೇ ತಪ್ಪಿನಿಂದ ತಲೆಗೆ ಹೋಯಿತು.

ಎಪ್ಪತ್ತು ದಾಟಿದ ಒಬ್ಬರು ಉಸಿರಾಟದ ತೊಂದರೆ ಅಂತ ಎಮರ್ಜೆನ್ಸಿಗೆ ಬಂದಿದ್ದರು. ವಿಯೆಟ್ನಾಂ ವೆಟರನ್ ಎಂದು ಟೋಪಿ ಮೇಲೆ ಬರೆದಿತ್ತು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ನೋಡಬೇಕಿತ್ತು. ಮೊಣಕೈ ಮಡಿಕೆಯಲ್ಲಿ 20 ಗೇಜಿನ ಐವಿ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ), ಸೆಕೆಂಡಿಗೆ 4 ಮಿ.ಲೀ. ವೇಗದಲ್ಲಿ ಕಾಂಟ್ರಾಸ್ಟ್. 'ಅಲ್ಲಾಡಬೇಡಿ, ಮೈ ಬಿಸಿಯಾಗುತ್ತದೆ, ಉಚ್ಚೆ ಹೋದ ಹಾಗೆ ಅನಿಸುತ್ತದೆ, ಹೆದರಬೇಡಿ, ನೋವಾದರೆ ಹೇಳಿ' ಎಂದು ಯಾವಾಗಲೂ ಒಪ್ಪಿಸುವ ಪಾಠ ಒಪ್ಪಿಸಿ ಹೊರಗೆ ಬಂದು ಬಟನ್ ಒತ್ತಿದೆ. ಇಂಜೆಕ್ಟರಿನ ಪ್ರೆಶರ್ ಗೆರೆ ಸರಿಯಾಗೇ ಇತ್ತು. ಆದರೆ ಚಿತ್ರದಲ್ಲಿ ಹೃದಯ ಬೆಳ್ಳಗಾಗಲೇ ಇಲ್ಲ, ಎಲ್ಲ ಬೂದು ಬಣ್ಣ. ಒಳಗೆ ಓಡಿ ನೋಡಿದರೆ ಕೈ ಮೊಣಕೈಯಿಂದ ಮೇಲೆ ಬನ್ನಿನ ಹಾಗೆ ಊದಿತ್ತು. ಕಾಂಟ್ರಾಸ್ಟ್ ಪೂರ್ತಿ ಚರ್ಮದಡಿ ಸೇರಿತ್ತು. ಆ ಮನುಷ್ಯ ಹಲ್ಲು ಕಚ್ಚಿಕೊಂಡು ಮಲಗಿದ್ದರು, ಹಣೆಯಲ್ಲಿ ಬೆವರು. 'ನೋವಾಗಲಿಲ್ವಾ? ಯಾಕೆ ಕೂಗಲಿಲ್ಲ?' ಎಂದೆ.

'ಅಲ್ಲಾಡಬೇಡ ಅಂದಿದ್ದು ನೀನೇ ಅಲ್ವಾ?' ಅಂದರು.

ಐವಿ ತೆಗೆದು, ಕೈ ಮೇಲೆತ್ತಿ ಇರಿಸಿ, ಐಸ್ ಪ್ಯಾಕ್ ಇಟ್ಟು ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿದೆ. ಅವರು ಬಂದು ನಾಡಿ ನೋಡಿದರು, ಬೆರಳಿಗೆ ಸ್ಪರ್ಶ ಗೊತ್ತಾಗುತ್ತಿದೆಯಾ ನೋಡಿದರು. ಆಮೇಲೆ ಇನ್ನೊಂದು ಕೈಯಲ್ಲಿ ಅಲ್ಟ್ರಾಸೌಂಡ್ ಹಿಡಿದು ರಕ್ತನಾಳ ಹುಡುಕಿ ಮತ್ತೆ ಸ್ಕ್ಯಾನ್ ಮಾಡಿದೆವು. ಊತ ಕೆಲವು ದಿನಗಳಲ್ಲಿ ಇಳಿಯಿತು. ಪುಣ್ಯಕ್ಕೆ ಚರ್ಮಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ನನ್ನ ಮಾತು ಬದಲಾಯಿತು. 'ನೋವಾದರೆ ಹೇಳಿ' ಎನ್ನುವುದನ್ನೇ ಬಿಟ್ಟೆ. 'ಕೈ ಉರಿದರೆ ಕೂಗಲೇಬೇಕು, ಇದು ಆರ್ಡರ್' ಎನ್ನುತ್ತೇನೆ. ನಗುತ್ತಾರೆ, ಆದರೆ ಪಾಲಿಸುತ್ತಾರೆ. ಮೊದಲು ಸಲೈನ್ ಬಿಟ್ಟು ಪರೀಕ್ಷೆ ಮಾಡುವಾಗ ಐವಿ ಪಕ್ಕ ಬೆರಳಿಟ್ಟು ನೋಡಿಯೇ ಹೊರಗೆ ಬರುತ್ತೇನೆ.

ಇದೇ ಮೌನ ಬೇರೆ ಕಡೆಯೂ ಅಡ್ಡ ಬರುತ್ತದೆ. 'ಮೈಯಲ್ಲಿ ಲೋಹ ಏನಾದರೂ ಇದೆಯಾ?' ಎಂದು ಕೇಳಿದರೆ 'ಇಲ್ಲ' ಅನ್ನುತ್ತಾರೆ. ಸ್ಕ್ಯಾನಿಗೆ ಮುಂಚಿನ ಸ್ಕೌಟ್ ಚಿತ್ರ (ಎಲ್ಲಿಂದ ಎಲ್ಲಿಯವರೆಗೆ ಸ್ಕ್ಯಾನ್ ಎಂದು ಗುರುತಿಸುವ ಚಿತ್ರ) ತೆಗೆದರೆ ಸೊಂಟದ ಸುತ್ತ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಇದೇನು ಅಂದರೆ 'ಓ, ಅದಾ? ಅದು 1968ರದ್ದು' ಅಂತಾರೆ. ಅರ್ಧ ಶತಮಾನಕ್ಕೂ ಮಿಕ್ಕಿ ಮೈಯಲ್ಲೇ ಇರುವ ಬಾಂಬಿನ ಚೂರು ಅವರಿಗೆ ಲೋಹವೇ ಅಲ್ಲ, ದೇಹದ ಭಾಗ. ನಮಗೆ ಮಾತ್ರ ಅದರಿಂದ ಚಿತ್ರದಲ್ಲಿ ಗೆರೆ ಗೆರೆ ಬಂದು ಪಕ್ಕದ್ದೇನೂ ಕಾಣುವುದಿಲ್ಲ. ಅದನ್ನು ತಗ್ಗಿಸುವ ಸಾಫ್ಟ್‌ವೇರ್ ಇದೆ, ಪೂರ್ತಿ ಹೋಗಲ್ಲ. ಕಣ್ಣಿನ ಹತ್ತಿರವೋ ಬೆನ್ನುಹುರಿಯ ಹತ್ತಿರವೋ ಉಕ್ಕಿನ ಚೂರಿದ್ದವರಿಗೆ ಎಂಆರ್‌ಐ ಅಪಾಯ, ಅಯಸ್ಕಾಂತ ಎಳೆದುಬಿಡಬಹುದು. ಅಂಥವರೂ ನಮ್ಮ ಕಡೆಗೇ ಬರುತ್ತಾರೆ. ಈಗ ನಾನು ಲೋಹ ಎಂಬ ಪದ ಬಳಸುವುದಿಲ್ಲ. 'ಯಾವತ್ತಾದರೂ ಗಾಯ ಆಗಿತ್ತಾ? ಒಳಗೆ ಏನಾದರೂ ಉಳಿದಿದೆಯಾ?' ಅಂತೀನಿ.

ಸಂಖ್ಯೆಯಲ್ಲಿ ನೋಡಿದರೆ ನನಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಶ್ವಾಸಕೋಶದ ಕ್ಯಾನ್ಸರ್ ಸ್ಕ್ರೀನಿಂಗ್. ಒಂದು ಕಾಲದಲ್ಲಿ ಸೈನಿಕರ ಊಟದ ಪೊಟ್ಟಣದಲ್ಲೇ ಸಿಗರೇಟು ಇಟ್ಟು ಕೊಡುತ್ತಿದ್ದರು, 1975ರವರೆಗೂ. ಹದಿನೆಂಟರ ಹುಡುಗ ಅಲ್ಲಿ ಶುರು ಮಾಡಿದ್ದು ಎಪ್ಪತ್ತಾದರೂ ಬಿಟ್ಟಿರುವುದಿಲ್ಲ. ಈ ಸ್ಕ್ರೀನಿಂಗ್ ಯಾರಿಗೆ ಅಂದರೆ, ವಯಸ್ಸು 50ರಿಂದ 80ರೊಳಗೆ, ದಿನಕ್ಕೊಂದು ಪ್ಯಾಕಿನಂತೆ 20 ವರ್ಷ ಸೇದಿದಷ್ಟು ಲೆಕ್ಕ, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷದೊಳಗಾಗಿರಬೇಕು. ಇದು 2021ರಲ್ಲಿ ಬಂದ ರಾಷ್ಟ್ರೀಯ ಶಿಫಾರಸು. ಇದರಿಂದ ಉಪಯೋಗ ಇದೆಯಾ ಎಂದು ರೋಗಿಗಳೇ ಕೇಳುತ್ತಾರೆ. 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 53 ಸಾವಿರಕ್ಕೂ ಹೆಚ್ಚು ಜನರಿದ್ದರು. ಎದೆಯ ಎಕ್ಸ್-ರೇ ತೆಗೆಸಿಕೊಂಡವರಿಗಿಂತ ಕಡಿಮೆ ಡೋಸಿನ ಸಿಟಿ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು 20% ಕಡಿಮೆ ಇತ್ತು. ವಿಕಿರಣದ ಡೋಸ್ ಸುಮಾರು 1.5 ಮಿಲಿಸೀವರ್ಟ್. ಮಾಮೂಲಿ ಎದೆಯ ಸಿಟಿಗಿಂತ ತುಂಬಾ ಕಡಿಮೆ. ಸೂಜಿ ಇಲ್ಲ, ಒಂದೇ ಉಸಿರಲ್ಲಿ ಮುಗಿಯುತ್ತದೆ. ಆ ಒಂದು ಉಸಿರು ಹಿಡಿಯುವುದೇ ಕೆಲವರಿಗೆ ಕಷ್ಟ. ಎರಡು ಸಲ ಅಭ್ಯಾಸ ಮಾಡಿಸಿಯೇ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಡಯಾಫ್ರಾಮ್ (ಎದೆ-ಹೊಟ್ಟೆ ನಡುವಿನ ಸ್ನಾಯು) ಹತ್ತಿರ ಎಲ್ಲ ಮಸುಕು.

2022ರ ಆಗಸ್ಟಿನಲ್ಲಿ ಪ್ಯಾಕ್ಟ್ ಆ್ಯಕ್ಟ್ ಎಂಬ ಕಾನೂನು ಬಂತು. ಇರಾಕ್, ಅಫ್ಘಾನಿಸ್ತಾನಗಳ ಕ್ಯಾಂಪುಗಳಲ್ಲಿ ಕಸವನ್ನೆಲ್ಲ ಹೊಂಡದಲ್ಲಿ ಸುಡುತ್ತಿದ್ದರಲ್ಲ, ಆ ಹೊಗೆ ಕುಡಿದವರಿಗೂ, ವಿಯೆಟ್ನಾಮಿನಲ್ಲಿ ಕಾಡಿನ ಎಲೆ ಉದುರಿಸಲು ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ರಾಸಾಯನಿಕ ಸೋಕಿದವರಿಗೂ ಅದರಿಂದ ಸೌಲಭ್ಯ ಹೆಚ್ಚಾಯಿತು. ಹಾಗಾಗಿ ಬರುವವರೆಲ್ಲ ಮುದುಕರು ಅಂದುಕೊಳ್ಳಬೇಡಿ, ನಲವತ್ತರವರೂ ಬರುತ್ತಾರೆ. ಹೆಂಗಸರೂ ಬರುತ್ತಾರೆ. ವೇಟಿಂಗ್ ರೂಮಿನಲ್ಲಿ ಕೂತ ಹೆಂಗಸನ್ನು 'ನಿಮ್ಮ ಯಜಮಾನರ ಹೆಸರೇನು?' ಎಂದು ಕೇಳಿ ಒಮ್ಮೆ ಬೈಸಿಕೊಂಡಿದ್ದೇನೆ. ಯಜಮಾನರು ಪಕ್ಕದಲ್ಲೇ ಆಕೆಯ ಬ್ಯಾಗ್ ಹಿಡಿದು ಕೂತಿದ್ದರು, ಪಾಪ.

ಪಿಟಿಎಸ್‌ಡಿ (ಯುದ್ಧದಂಥ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಬಗ್ಗೆ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ, ಆದರೆ ರೂಢಿಯಾಗಲು ಸಮಯ ಬೇಕು. ಸ್ಟ್ರೆಚರ್ ಮೇಲೆ ನಿದ್ದೆ ಹೋದವರನ್ನು ಭುಜ ತಟ್ಟಿ ಎಬ್ಬಿಸಬೇಡಿ. ಕಾಲಿನ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ಬೆನ್ನ ಹಿಂದಿನಿಂದ ಮುಟ್ಟಬೇಡಿ. ಸ್ಟ್ರ್ಯಾಪ್ ಹಾಕುವ ಮುಂಚೆ ಹೇಳಿ, ಬೇಡವೆಂದರೆ ಒತ್ತಾಯ ಬೇಡ. ಮಷೀನಿನ ಒಳಗಿಂದ ಇದ್ದಕ್ಕಿದ್ದಂತೆ 'ಉಸಿರು ಎಳೆಯಿರಿ' ಎಂದು ರೆಕಾರ್ಡ್ ಮಾಡಿದ ದನಿ ಬಂದರೆ ಬೆಚ್ಚಿ ಬೀಳುವವರಿದ್ದಾರೆ. ಅಂಥವರಿಗೆ ನಾನು ಆ ದನಿ ಆಫ್ ಮಾಡಿ ಮೈಕಿನಲ್ಲಿ ನಾನೇ ಹೇಳುತ್ತೇನೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಸ್ಕ್ಯಾನ್ ಒಂದು ನಿಮಿಷದ್ದು, ಮಾತು ಹದಿನೈದು ನಿಮಿಷದ್ದು ಎನ್ನುವ ದಿನಗಳೇ ಜಾಸ್ತಿ. ಸ್ಟ್ರೋಕ್ ಕೇಸ್ ಬಂದರೆ ಮಾತ್ರ ಇದೆಲ್ಲ ಪಕ್ಕಕ್ಕೆ. ಮೆದುಳಲ್ಲಿ ರಕ್ತಸ್ರಾವ ಇದೆಯಾ ಇಲ್ಲವಾ ಗೊತ್ತಾಗದೆ ಡಾಕ್ಟರ್ ಔಷಧ ಕೊಡುವ ಹಾಗಿಲ್ಲ, ಆಗ ಎಲ್ಲ ಕಡೆಯ ಹಾಗೆ ಓಟವೇ.

ತಮಾಷೆಯೂ ಇದೆ. ನೌಕಾಪಡೆಯವರು ಭೂಸೇನೆಯವರನ್ನು ಕಾಲೆಳೆಯುತ್ತಾರೆ, ಮರೀನ್‌ಗಳು ಇಬ್ಬರನ್ನೂ. ಅಪ್ಪಿತಪ್ಪಿ 'ಮಾಜಿ ಮರೀನ್' ಅಂದರೆ ಮುಗಿಯಿತು, ಮರೀನ್ ಮಾಜಿಯಾಗುವುದೇ ಇಲ್ಲವಂತೆ.

ಇನ್ನು ನೀವು ಕೇಳದೇ ಇದ್ದರೂ ಬೇಕಾಗುವ ವಿಷಯ. ಇದು ಕೇಂದ್ರ ಸರ್ಕಾರದ ಕೆಲಸ, ಅರ್ಜಿ ಯುಎಸ್ಎಜಾಬ್ಸ್ ಎಂಬ ಸರ್ಕಾರಿ ಉದ್ಯೋಗದ ವೆಬ್‌ಸೈಟ್ ಮೂಲಕ. ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಬರೀ ಗ್ರೀನ್ ಕಾರ್ಡ್ ಇದ್ದರೆ ಅವಕಾಶ ಅಪರೂಪ, ಅದನ್ನು ಮೊದಲೇ ನೋಡಿಕೊಳ್ಳಿ. ಎಆರ್‌ಆರ್‌ಟಿ (ಇಮೇಜಿಂಗ್ ಟೆಕ್‌ಗಳಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ರೇಡಿಯಾಗ್ರಫಿ ಸರ್ಟಿಫಿಕೇಟ್ ನಿಮ್ಮಲ್ಲಿದೆ, ಸಿಟಿಗೆ 16 ಗಂಟೆಯ ಪಾಠ, ಮಾಡಿದ ಸ್ಕ್ಯಾನ್‌ಗಳ ದಾಖಲೆ, ಆಮೇಲೆ ಪರೀಕ್ಷೆ. ಸಂಬಳ ಊರಿನ ಮೇಲೆ ಹೋಗುತ್ತದೆ. ಕೈಗೆ ಬರುವ ಹಣ ಖಾಸಗಿಯಲ್ಲಿ ಜಾಸ್ತಿ ಇರಬಹುದು. ಇಲ್ಲಿ 11 ಸರ್ಕಾರಿ ರಜೆ, ಎರಡು ವಾರಕ್ಕೆ 4 ಗಂಟೆ ವಾರ್ಷಿಕ ರಜೆ (ಮೂರು ವರ್ಷದ ಮೇಲೆ 6, ಹದಿನೈದರ ಮೇಲೆ 8), ಅದರ ಜೊತೆ ಸಿಕ್ ಲೀವ್, ಪಿಂಚಣಿ. ಆನ್-ಕಾಲ್ (ಮನೆಯಲ್ಲಿದ್ದರೂ ಕರೆದಾಗ ಬರಬೇಕಾದ ಸರದಿ) ಎಷ್ಟು ಅಂತ ಇಂಟರ್ವ್ಯೂನಲ್ಲೇ ಕೇಳಿ, ನಾಚಿಕೆ ಬೇಡ.

ಇಂಟರ್ವ್ಯೂನಲ್ಲಿ 'ಹಿಂದೆ ಹೀಗಾದಾಗ ಏನು ಮಾಡಿದಿರಿ' ಎಂಬ ಥರದ ಪ್ರಶ್ನೆಗಳೇ ಹೆಚ್ಚು. ನಿಮ್ಮ ತಪ್ಪೊಂದನ್ನು ಹೇಳಿ ಅಂದರು, ನಾನು ಆ ಊದಿದ ಕೈ ಕಥೆ ಹೇಳಿದೆ. ಪ್ರಶ್ನೆ ಕೇಳುತ್ತಿದ್ದ ಮೂವರಲ್ಲಿ ಒಬ್ಬರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆ ಎತ್ತಿ, 'ಯಾವ ಪಡೆಯವರು ಅವರು?' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಈಗ ಟೇಬಲ್ ಮೇಲೆ ಮಲಗಿಸುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆಯೇ ಅದು.