ಪ್ರವಾಹ, ಭೂಕುಸಿತದಿಂದ ಟೂರ್ ಕೆಟ್ಟರೆ ಟ್ರಾವೆಲ್ ಇನ್ಶೂರೆನ್ಸ್ ದುಡ್ಡು ಕೊಡುತ್ತಾ?

ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಬೆಳಗಾವಿಯಿಂದ ಕಾರಲ್ಲಿ ವಯನಾಡಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಪಾಲಿಸಿಯಲ್ಲಿ ನೈಸರ್ಗಿಕ ವಿಕೋಪ ಅಂತ ಸ್ಪಷ್ಟವಾಗಿ ಬರೆದಿದ್ದರೆ ಕೊಡುತ್ತದೆ. ಎಲ್ಲ ಪಾಲಿಸಿಯಲ್ಲೂ ಇರುವುದಿಲ್ಲ.

ಜಾಸ್ತಿ ಜನ ಎಡವುವುದು ತಾರೀಖಿನಲ್ಲಿ. ಟಿವಿಯಲ್ಲಿ ಪ್ರವಾಹದ ಸುದ್ದಿ ಬಂದ ಮೇಲೆ ಪಾಲಿಸಿ ತಗೊಂಡರೆ ಆ ಪ್ರವಾಹಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಹೋಟೆಲಿಗೆ ಅಡ್ವಾನ್ಸ್ ಕಟ್ಟಿದ ದಿನವೇ ತಗೊಳ್ಳಿ. ಸುಮ್ನೆ ಭಯ ಆಯ್ತು ಅಂತ ನೀವೇ ಕ್ಯಾನ್ಸಲ್ ಮಾಡಿದರೂ ಕ್ಲೇಮ್ ಸಿಗುವುದು ಕಷ್ಟ. ರಸ್ತೆ ಬಂದ್ ಆಗಿರಬೇಕು, ಅದಕ್ಕೆ ದಾಖಲೆಯೂ ಬೇಕು. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ-ಕೊಲ್ಹಾಪುರ ಕಡೆ ಹೆದ್ದಾರಿ ಮೇಲೆ ನೀರು ಬಂದು ಓಡಾಟ ನಿಂತಿತ್ತು ನೋಡಿ, ಅಂಥ ಸಂದರ್ಭ. ಆಗ ಜಿಲ್ಲಾಡಳಿತದ ಪ್ರಕಟಣೆ, ಹೋಟೆಲಿನ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ಹೋಟೆಲಿನವರು ವಾಪಸ್ ಕೊಟ್ಟ ದುಡ್ಡನ್ನು ವಿಮೆ ಕಂಪನಿಗೆ ಮತ್ತೆ ಕೇಳುವಂತಿಲ್ಲ.

ರೈಲು ಟಿಕೆಟ್ ಜೊತೆ ಐಆರ್‌ಸಿಟಿಸಿ ಕೊಡುವ ಪೈಸೆ ಲೆಕ್ಕದ ವಿಮೆ ಬೇರೆ. ಅದು ಅಪಘಾತದ ಸಾವು, ಗಾಯಕ್ಕೆ. ಮಳೆಯಿಂದ ರೈಲು ರದ್ದಾದರೆ ಅದರಿಂದ ಏನೂ ಬರಲ್ಲ. ಟಿಕೆಟ್ ದುಡ್ಡು ರೈಲ್ವೆಯೇ ಕೊಡುತ್ತದೆ.

ನನ್ನ ಕೇಳಿದರೆ ನಿಮಗೆ ಕಾರಿನ ಪಾಲಿಸಿಯೇ ಮುಖ್ಯ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಮಾತ್ರ ಕೊಡುವ ಪಾಲಿಸಿ) ಇದ್ದರೆ ಪ್ರವಾಹ, ಭೂಕುಸಿತದಿಂದ ನಿಮ್ಮ ಕಾರಿಗಾದ ಹಾನಿಗೆ ಒಂದು ರೂಪಾಯಿಯೂ ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ನೀರು ಹೊಕ್ಕು ಇಂಜಿನ್ ಕೆಟ್ಟರೆ ಇಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಬೇಕಾಗುತ್ತದೆ. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲೇಬೇಡಿ.