ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಅಪ್ಪನಿಗೆ ಇನ್‌ಹೇಲರ್ ಜೊತೆ ಆಡುಸೋಗೆ, ಜ್ಯೇಷ್ಠಮಧು ಕಷಾಯ ಕೊಡಬಹುದೇ?

ಆಡುಸೋಗೆಯನ್ನು ಮಿತವಾಗಿ, ಅವರ ವೈದ್ಯರಿಗೆ ತಿಳಿಸಿಯೇ ಕೊಡಿ. ಜ್ಯೇಷ್ಠಮಧುವನ್ನು ದಿನಾ ಕೊಡಬೇಡಿ. ಇನ್‌ಹೇಲರ್ ಮಾತ್ರ ಒಂದು ಹೊತ್ತೂ ತಪ್ಪಬಾರದು.

ಆಡುಸೋಗೆ ಎಲೆಯಲ್ಲಿರುವ ವ್ಯಾಸಿಸೀನ್ ಎಂಬ ಅಂಶವನ್ನು ಆಧರಿಸಿಯೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಔಷಧ ತಯಾರಾದದ್ದು. ಮೆಡಿಕಲ್ ಶಾಪಿನ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿರುವ ಆಂಬ್ರಾಕ್ಸಾಲ್ ಅದರದೇ ಮುಂದಿನ ರೂಪ. ಹಾಗಾಗಿ ಕಫ ಸಡಿಲವಾಗುತ್ತದೆ ಅನ್ನುವ ಹಿರಿಯರ ಮಾತು ಬರೀ ನಂಬಿಕೆಯಲ್ಲ. ಆದರೆ ಹಾಳಾದ ಗಾಳಿಚೀಲಗಳನ್ನು ಯಾವ ಸೊಪ್ಪೂ ಮೊದಲಿನಂತೆ ಮಾಡಲಾರದು.

ಜ್ಯೇಷ್ಠಮಧು ವಿಷಯದಲ್ಲಿ ನನಗೆ ನಿಜಕ್ಕೂ ಭಯ. ಅದರಲ್ಲಿರುವ ಗ್ಲಿಸಿರೈಜಿನ್ ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್ ಔಷಧ ಸಾಲ್ಬುಟಮಾಲ್, ಸ್ಟಿರಾಯ್ಡ್ ಮಾತ್ರೆ, ಮೂತ್ರ ಹೆಚ್ಚಿಸುವ ಎಷ್ಟೋ ಮಾತ್ರೆಗಳು ಕೂಡ ಪೊಟ್ಯಾಸಿಯಂ ಇಳಿಸುವಂಥವೇ. ಎಲ್ಲ ಒಟ್ಟು ಸೇರಿದರೆ ಕೈಕಾಲು ಸೋತು, ಎದೆಬಡಿತ ಏರುಪೇರಾಗಬಹುದು. ಶ್ವಾಸನಾಳ ಹಿಗ್ಗಿಸುವ ಥಿಯೋಫಿಲಿನ್ ಇರುವ ಮಾತ್ರೆ ನಡೆಯುತ್ತಿದ್ದರೆ ಕಷಾಯಕ್ಕೆ ಹಿಪ್ಪಲಿ, ಕಾಳುಮೆಣಸು ಧಾರಾಳವಾಗಿ ಹಾಕಬೇಡಿ. ಅವುಗಳ ಪೈಪರಿನ್ ರಕ್ತದಲ್ಲಿ ಆ ಔಷಧದ ಮಟ್ಟವನ್ನು ಏರಿಸುತ್ತದೆ.

ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ತೀರಾ ಕಡಿಮೆಯಿದ್ದವರಿಗೆ ಅದನ್ನು ಸರಿಪಡಿಸಿದರೆ ಉಬ್ಬಸ ಉಲ್ಬಣಿಸುವುದು ಕಡಿಮೆಯಾಗಬಹುದು. ಅಪ್ಪ ಇನ್ನೂ ಬೀಡಿ ಸೇದುತ್ತಿದ್ದರೆ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಮಾತ್ರೆ ಬೇಡವೇ ಬೇಡ: ಫಿನ್‌ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಕಂಡುಬಂತು.

ಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವ ರೂಢಿಯಿದ್ದರೆ ಅದನ್ನೂ ದಯವಿಟ್ಟು ನಿಲ್ಲಿಸಿ.