ಮೈಸೂರು–ಚಾಮರಾಜನಗರ ರೈಲು ಮಾರ್ಗವನ್ನು ನಡೆಸುವವರು ಮತ್ತೆ ಮತ್ತೆ ಬದಲಾದದ್ದು ಏಕೆ?

ಮಾರ್ಗದ ಒಡೆತನ ಒಬ್ಬರದು, ಅದರ ಮೇಲೆ ರೈಲು ಓಡಿಸುವ ಹೊಣೆ ಇನ್ನೊಬ್ಬರದು ಆಗಿದ್ದುದೇ ಮುಖ್ಯ ಕಾರಣ. ಸುಮಾರು 60 ಕಿಲೋಮೀಟರಿನ ಇಷ್ಟು ಚಿಕ್ಕ ಕವಲು ಮಾರ್ಗಕ್ಕೆ ತನ್ನದೇ ಎಂಜಿನ್, ಬೋಗಿ, ಕಾರ್ಖಾನೆಗಳನ್ನು ಇಟ್ಟುಕೊಳ್ಳುವುದು ದುಬಾರಿಯಾದ್ದರಿಂದ, ಬೆಂಗಳೂರು–ಮೈಸೂರು ಮುಖ್ಯ ಮಾರ್ಗ ಯಾರ ಕೈಯಲ್ಲಿತ್ತೋ ಇದೂ ಅವರ ಕೈಗೇ ಹೋಗುತ್ತಿತ್ತು.

1876–78ರ ಭೀಕರ ಬರದ ನಂತರ ಸಾಲದ ಹೊರೆ ಹೊತ್ತಿದ್ದ ಮೈಸೂರು ಸಂಸ್ಥಾನವು 1886ರಲ್ಲಿ ತನ್ನ ಮುಖ್ಯ ಮಾರ್ಗವನ್ನು ಸದರ್ನ್ ಮರಾಠ ಎಂಬ ಖಾಸಗಿ ರೈಲ್ವೆ ಕಂಪನಿಗೆ ವಹಿಸಿತ್ತು. ಆದ್ದರಿಂದ 1891ರಲ್ಲಿ ನಂಜನಗೂಡಿನವರೆಗೆ ಹಳಿ ಬಂದಾಗ ರೈಲು ಓಡಿಸಿದ್ದೂ ಆ ಕಂಪನಿಯೇ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಸೇರಿತು. 1919ರಲ್ಲಿ ಸಂಸ್ಥಾನವು ಮಾರ್ಗವನ್ನು ಮರಳಿ ಪಡೆದು, 1926ರಲ್ಲಿ ಚಾಮರಾಜನಗರದವರೆಗೆ ತಾನೇ ವಿಸ್ತರಿಸಿತು. ನನ್ನ ದೃಷ್ಟಿಯಲ್ಲಿ ಈ ಮಾರ್ಗದ ಇತಿಹಾಸದಲ್ಲಿ ಅತ್ಯಂತ ಹೆಮ್ಮೆಯ ಘಟ್ಟವಿದು. ಸ್ವಾತಂತ್ರ್ಯಾನಂತರ, 1951ರಲ್ಲಿ, ದಕ್ಷಿಣ ರೈಲ್ವೆಗೂ 2003ರಲ್ಲಿ ನೈಋತ್ಯ ರೈಲ್ವೆಗೂ ಸೇರಿತು.

ಇದೇ ಮಾರ್ಗದಲ್ಲಿ, ನಂಜನಗೂಡಿನ ಬಳಿ, ಕಪಿಲಾ ನದಿಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಮಾನು ಸೇತುವೆ ಇದೆ. ರಸ್ತೆಗೆಂದೇ ಕಟ್ಟಿದ್ದ ಆ ಇಕ್ಕಟ್ಟಾದ ಸೇತುವೆಯ ಮೇಲೆ ಒಂದು ಬದಿಯಲ್ಲಿ ಮೀಟರ್ ಗೇಜ್ (ಒಂದು ಮೀಟರ್ ಅಂತರದ) ಹಳಿ, ಪಕ್ಕದಲ್ಲೇ ರಸ್ತೆ ಇದ್ದವು. ಇನ್ನೂ ಅಗಲವಾದ ಬ್ರಾಡ್ ಗೇಜ್ ಹಳಿ ಬಂದಾಗ ರೈಲಿಗೆ ಬೇರೆ ಸೇತುವೆಯಾಯಿತು. ಹಳೆಯದು ಇಂದಿಗೂ ನದಿಯಲ್ಲಿ ನಿಂತಿದೆ.